ಮಾವಿನ ಹೂವಿಗೆ ಬೂದಿ ರೋಗ: ನಾನು ಗಂಧಕ ಸಿಂಪಡಿಸುವ ಕ್ರಮ

ಮಳೆಯೇ ಇಲ್ಲ, ಶಿಲೀಂಧ್ರ ಎಲ್ಲಿಂದ ಬಂದೀತು ಎಂದು ಬೂದಿ ರೋಗದ ವಿಷಯದಲ್ಲಿ ಸುಮ್ಮನಿರುವಂತಿಲ್ಲ. ರಾತ್ರಿ ಚಳಿ, ಹಗಲು ಒಣ ಬಿಸಿಲು ಇದ್ದರೆ ಇದಕ್ಕೆ ಹಬ್ಬ. ಬೀಜಕಣಗಳು ಗಾಳಿಯಲ್ಲೇ ಹರಡುತ್ತವೆ, ಮೊಳೆಯಲು ಹೂವು ಒದ್ದೆಯಾಗಿರಬೇಕಿಲ್ಲ.

ಬೂದಿ ರೋಗವೇ ಆಗಿದ್ದರೆ, ಹೂಗೊಂಚಲಿನ ತುದಿಯಲ್ಲಿ ಬೆರಳಾಡಿಸಿದಾಗ ಬಿಳಿ ಹುಡಿ ಅಂಟಬೇಕು. ಕಪ್ಪು ಮಸಿಯಂತಿದ್ದರೆ ಅದು ಜಿಗಿಹುಳುವಿನ ಅಂಟಿನ ಮೇಲೆ ಬೆಳೆದ ಬೂಷ್ಟು. ಕಪ್ಪು ಚುಕ್ಕೆಗಳಾದರೆ ಚಿಬ್ಬು ರೋಗ ಇರಬಹುದು, ಅದಕ್ಕೆ ಗಂಧಕ ನೆಚ್ಚಿ ಕೂರಬಾರದು.

ಗೊಂಚಲು 8–10 ಸೆಂ.ಮೀ. ಆದಾಗ, ಹೂ ಅರಳುವ ಮುಂಚೆಯೇ ಮೊದಲ ಸಿಂಪರಣೆ. 80 ಡಬ್ಲ್ಯೂಪಿ ಗಂಧಕ (ನೀರಿನಲ್ಲಿ ಕಲಸುವ, 80% ಗಂಧಕದ ಪುಡಿ), ಲೀಟರಿಗೆ 2 ಗ್ರಾಂ. 200 ಲೀಟರ್ ಡ್ರಮ್ಮಿಗೆ 400 ಗ್ರಾಂ. 'ನೀರಿನಲ್ಲಿ ಕರಗುವ ಗಂಧಕ' ಎಂಬುದು ಹೆಸರಿಗೆ ಮಾತ್ರ. ಅದು ಕರಗುವುದಿಲ್ಲ, ನೀರಿನಲ್ಲಿ ತೇಲಾಡುತ್ತದೆ. ಮೊದಲು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಜಾಲರಿಯಲ್ಲಿ ಸೋಸಿ ಡ್ರಮ್ಮಿಗೆ ಸುರಿಯುತ್ತೇನೆ. ಸಿಂಪಡಿಸುವಾಗಲೂ ಆಗಾಗ ಕದಡುತ್ತಿರಬೇಕು. ಬಿಟ್ಟರೆ ತಳಕ್ಕಿಳಿದು ಕೆಲವು ಮರಗಳಿಗೆ ಬರೀ ನೀರು, ಕೆಲವಕ್ಕೆ ಸುಡುವಷ್ಟು ಗಂಧಕ ಹೋಗುತ್ತದೆ, ನಾಝಲ್ಲೂ ಕಟ್ಟಿಕೊಳ್ಳುತ್ತದೆ.

ಗಂಧಕ ಗಿಡದೊಳಗೆ ಇಳಿಯುವ ಔಷಧಿಯಲ್ಲ, ಬಿದ್ದಲ್ಲಷ್ಟೇ ಕೆಲಸ. ನೆಲದಿಂದ ದಪ್ಪ ಧಾರೆ ಹಾರಿಸಿದರೆ ಹೊರಗಿನ ಎಲೆ ತೊಯ್ದು, ನೆತ್ತಿಯ ಮತ್ತು ಒಳಗಿನ ಗೊಂಚಲುಗಳು ಹಾಗೇ ಉಳಿಯುತ್ತವೆ. 'ಗಂಧಕ ಕೆಲಸ ಮಾಡಲಿಲ್ಲ' ಎಂಬ ದೂರಿಗೆ ಬಹುಪಾಲು ಇದೇ ಕಾರಣ. ಸಣ್ಣ ಹನಿಯ ನಾಝಲ್, ಉದ್ದನೆಯ ಕೋಲು, ಮರದ ಸುತ್ತ ನಾಲ್ಕೂ ಕಡೆಯಿಂದ.

ಬಿಸಿಲು 32 ಡಿಗ್ರಿ ದಾಟುವ ಹೊತ್ತಿನಲ್ಲಿ ಗಂಧಕ ಮುಟ್ಟುವುದಿಲ್ಲ, ಎಳೆ ಹೂ ಸುಟ್ಟುಹೋಗುತ್ತದೆ. ಬೇವಿನೆಣ್ಣೆ ಅಥವಾ ಬೇರೆ ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಡಬೇಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಸುಮಾರು 15 ದಿನದ ನಂತರ ಹೆಕ್ಸಾಕೊನಜೋಲ್ 5% (ಗಿಡದೊಳಗೆ ಇಳಿಯುವ, ಅಂದರೆ ಅಂತರ್ವ್ಯಾಪಿ ಶಿಲೀಂಧ್ರನಾಶಕ), ಲೀಟರಿಗೆ 1 ಮಿ.ಲೀ. ತುಂಬು ಹೂವಿನಲ್ಲಿ ಸಿಂಪಡಿಸದಿರುವುದೇ ಮೇಲು. ರೋಗ ಏರುತ್ತಿದ್ದರೆ ನೊಣ, ಜೇನು ಹೋದ ಮೇಲೆ ಸಂಜೆ ಮಾಡುತ್ತೇನೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದಾಗ ಮತ್ತೆ ಗಂಧಕ. ಒಂದೇ ಅಂತರ್ವ್ಯಾಪಿ ಔಷಧಿಯನ್ನು ಸಾಲಾಗಿ ಬಳಸಿದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಗೊಂಚಲು ಪೂರ್ತಿ ಬೆಳ್ಳಗಾದ ಮೇಲೆ ಏನು ಹೊಡೆದರೂ ಆ ಹೂವು ಕಾಯಿ ಕಚ್ಚುವುದಿಲ್ಲ. ಅಂಥದನ್ನು, ವಿಕಾರವಾಗಿ ಒಣಗಿ ಮರದಲ್ಲೇ ನಿಂತ ಗೊಂಚಲನ್ನೂ ಕತ್ತರಿಸಿ ಸುಡುತ್ತೇನೆ. ಕೊಯ್ಲಾದ ಮೇಲೆ ನಡುವಿನ ಒತ್ತೊತ್ತು ಕೊಂಬೆ ತೆಗೆದರೆ ಮುಂದಿನ ಹೂವಿಗೆ ಔಷಧಿ ಒಳಗೆ ತಲುಪಲು ದಾರಿಯಾಗುತ್ತದೆ.