ಊಟದ ತಟ್ಟೆ ಯಾವುದಾದರೂ ನಡೆಯುತ್ತೆ, ನೀರಿನ ಬಟ್ಟಲು ಹಾಗಲ್ಲ

ಬೋರ್ಡಿಂಗ್‌ಗೆ (ಮನೆಯವರು ಊರಲ್ಲಿಲ್ಲದಾಗ ನಾಯಿಯನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ) ನಾಯಿ ಬಿಡಲು ಬರುವವರ ಸಾಮಾನು ನೋಡಬೇಕು. ಮೂಳೆಯ ಚಿತ್ರವಿರುವ ಬಣ್ಣದ ತಟ್ಟೆ, ಅದಕ್ಕೊಂದು ಮರದ ಸ್ಟ್ಯಾಂಡು, ಕೆಳಗೊಂದು ಮ್ಯಾಟು. ನೀರಿಗೆ ಮಾತ್ರ ಮನೆಯಲ್ಲಿ ಮಿಕ್ಕಿದ ಪ್ಲಾಸ್ಟಿಕ್ ಡಬ್ಬಿ. ನಾಯಿ ಒಂದು ಸುತ್ತು ತಿರುಗಿದರೆ ಅದು ಮಗುಚಿ ಬೀಳುತ್ತದೆ. ಹಾಸಿಗೆ ಒದ್ದೆ, ಬಾಯಿ ಒಣ. ಅದಕ್ಕೇ ನೀರಿನಿಂದಲೇ ಶುರು ಮಾಡೋಣ.

1. ಅಳತೆ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50–60 ಮಿಲಿಲೀಟರ್ ನೀರು ಬೇಕು. 30 ಕಿಲೋ ತೂಗುವ ಲ್ಯಾಬ್ರಡಾರ್‌ಗೆ ಒಂದೂವರೆ ಲೀಟರಿಗೆ ಕಡಿಮೆಯಿಲ್ಲ. ಬೇಸಿಗೆಯಲ್ಲಿ, ಒಣ ಆಹಾರ ತಿನ್ನುವ ನಾಯಿಗೆ ಇನ್ನೂ ಜಾಸ್ತಿ.

2. ಯಾವುದರದ್ದು? ಸ್ಟೀಲ್. ಬೇರೆ ಮಾತೇ ಇಲ್ಲ. ಪ್ಲಾಸ್ಟಿಕ್ಕಿನಲ್ಲಿ ಹಲ್ಲಿನ ಗೀರು ಬೀಳುತ್ತದೆ, ಗೀರಿನೊಳಗೆ ಕೊಳೆ ಕೂರುತ್ತದೆ. ಪಿಂಗಾಣಿ ಮನೆಯಲ್ಲಿ ಸರಿ, ಪ್ರಯಾಣದಲ್ಲಿ ಒಡೆಯುತ್ತದೆ. ಹೊರಗೆ ಬಣ್ಣದ ಪ್ಲಾಸ್ಟಿಕ್, ಒಳಗೆ ಸ್ಟೀಲ್ ಇರುವ ಜೋಡಿ ಬಟ್ಟಲು ನೋಡಲು ಚೆಂದ. ಆದರೆ ಎರಡರ ನಡುವೆ ನೀರು ಇಳಿದು ನಾರುತ್ತದೆ. ತಳದ ರಬ್ಬರ್ ಬಳೆ ಕಳಚಲು ಬರದಿದ್ದರೆ ಅದನ್ನೂ ಬಿಟ್ಟುಬಿಡಿ.

3. ಗೂಡಿಗೆ ಬಿಗಿಯುವುದು. ಎಲ್ಲರೂ ಎಡವುವುದು ಇಲ್ಲೇ. ನಾಯಿಯನ್ನು ಇಡುವ ತಂತಿ ಗೂಡಿಗೆ (ಕ್ರೇಟ್) ಎರಡು ಬಗೆಯ ಬಟ್ಟಲು ಸಿಗುತ್ತವೆ. ಒಂದು ಬರೀ ಕೊಕ್ಕೆಯದ್ದು. ಅಗ್ಗ, ಎಲ್ಲ ಅಂಗಡಿಯಲ್ಲೂ ಇದೆ. ನಾಯಿ ಮೂಗಿನಿಂದ ಮೇಲಕ್ಕೆ ನೂಕಿದರೆ ಕಳಚಿ ಬೀಳುತ್ತದೆ, ಆಮೇಲೆ ಕೊಕ್ಕೆಯ ಚೂಪು ಹೊರಗೆ. ಇನ್ನೊಂದರಲ್ಲಿ ಹೊರಗಡೆಯಿಂದ ನಟ್ ತಿರುಗಿಸಿ ಬಿಗಿಯುವ ಪಟ್ಟಿ, ಅದರೊಳಗೆ ಬಟ್ಟಲು ಕೂರುತ್ತದೆ. ಇದನ್ನೇ ಕೊಳ್ಳಿ.

ಪಟ್ಟಿ ಕನಿಷ್ಠ ಎರಡು ತಂತಿಗಳನ್ನು ಹಿಡಿಯಬೇಕು. ಒಂದೇ ತಂತಿಗೆ ಬಿಗಿದರೆ ಬಟ್ಟಲು ವಾಲುತ್ತದೆ. ಬಟ್ಟಲಿನ ಅಂಚು ನಿಂತ ನಾಯಿಯ ಎದೆಯ ಕೆಳಭಾಗದ ಮಟ್ಟಕ್ಕೆ ಬರಲಿ. ಅದಕ್ಕಿಂತ ಕೆಳಗಾದರೆ ಕಾಲು ಇಡುತ್ತದೆ, ತೀರಾ ಮೇಲಾದರೆ ಕತ್ತು ಎತ್ತಿ ಕುಡಿಯಬೇಕಾಗುತ್ತದೆ. ಬಾಗಿಲಿನ ಪಕ್ಕ ಬಿಗಿದರೆ ಬಾಗಿಲು ತೆರೆಯದೆ ನೀರು ತುಂಬಬಹುದು. ಮಲಗುವ ಜಾಗದ ಮೇಲೆ ಮಾತ್ರ ಬೇಡ. ಬಿಗಿದ ಮೇಲೆ ಗೂಡನ್ನೇ ಹಿಡಿದು ಜೋರಾಗಿ ಅಲ್ಲಾಡಿಸಿ. ನಿಮ್ಮ ಕೈಗೆ ಸಡಿಲವಾದದ್ದು ನಾಯಿಯ ಮೂತಿಗೆ ಖಂಡಿತ ಸಡಿಲವಾಗುತ್ತದೆ. ಗೂಡಿನೊಳಗೆ ನಾಯಿಯ ಕೊರಳಪಟ್ಟಿ ಬಿಚ್ಚಿಡಿ, ಅದು ಬಟ್ಟಲಿನ ಪಟ್ಟಿಯಂಚಿಗೆ ಸಿಕ್ಕಿಕೊಂಡರೆ ಕುತ್ತಿಗೆಗೇ ಅಪಾಯ.

ನಳಿಕೆಯ ತುದಿಯಲ್ಲಿ ಗುಂಡು ಇರುವ ಬಾಟಲಿಯನ್ನು ಅಂಗಡಿಯವರು ಜೋರಾಗಿ ಹೊಗಳುತ್ತಾರೆ. ನೆಲ ಒದ್ದೆಯಾಗಲ್ಲ ನಿಜ. ಆದರೆ ನೆಕ್ಕಿದಷ್ಟೂ ಹನಿ ಹನಿಯೇ ಬರುವುದು, ದೊಡ್ಡ ನಾಯಿಗೆ ದಾಹ ತೀರಲ್ಲ. ಇಡಲೇಬೇಕೆಂದರೆ ವಾರ ಮೊದಲೇ ಮನೆಯಲ್ಲಿ ನಳಿಕೆಗೆ ಒಂಚೂರು ಮೊಸರು ಸವರಿ ರೂಢಿ ಮಾಡಿಸಿ, ಪಕ್ಕದಲ್ಲಿ ಬಟ್ಟಲೂ ಇರಲಿ.

4. ಊಟದ ತಟ್ಟೆ. ಪಗ್‌ನಂಥ ಚಪ್ಪಟೆ ಮೂತಿಗೆ ಆಳವಿಲ್ಲದ್ದು, ಸ್ಪ್ಯಾನಿಯಲ್‌ನಂಥ ಉದ್ದ ಕಿವಿಗೆ ಬಾಯಿ ಕಿರಿದಾದದ್ದು. ಮಿಕ್ಕವಕ್ಕೆ ಯಾವುದಾದರೂ ಸರಿ. ಎತ್ತರದ ಸ್ಟ್ಯಾಂಡ್ ಬೇಡವೆಂದೇ ನನ್ನ ಸಲಹೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದಲ್ಲಿಟ್ಟ ಬಟ್ಟಲಿನಿಂದ ತಿನ್ನುವ ದೊಡ್ಡ ತಳಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚೆಂದು ಕಂಡಿತ್ತು. ಕತ್ತು ನೋವಿನ ನಾಯಿಗೆ ವೈದ್ಯರು ಹೇಳಿದರೆ ಮಾತ್ರ ಇಡಿ. ಹೊತ್ತಿಗೆ ಸರಿಯಾಗಿ ತಾನೇ ಬಡಿಸುವ ಯಂತ್ರಗಳೂ ಬಂದಿವೆ, ಅವು ಒಣ ಕಾಳಿನಂಥ ಆಹಾರಕ್ಕೆ. ಮೊಸರನ್ನ, ರಾಗಿ ಅಂಬಲಿ ತಿನ್ನುವ ನಮ್ಮ ನಾಯಿಗಳಿಗೆ ಅದು ಸುಮ್ನೆ ದುಡ್ಡು ದಂಡ.

ಬೋರ್ಡಿಂಗ್‌ಗೆ ಮನೆಯ ಆಹಾರವನ್ನೇ ಕೊಡಿ, ಒಂದೊಂದು ಹೊತ್ತಿನದು ಒಂದೊಂದು ಡಬ್ಬಿಯಲ್ಲಿ. ಊಟ ದಿಢೀರ್ ಬದಲಾದರೆ ಹೊಟ್ಟೆ ಕೆಡುತ್ತದೆ. ನೀರಿನ ಬಟ್ಟಲನ್ನು ದಿನಾ ಉಜ್ಜಿ ತೊಳೆಯುತ್ತಾರಾ ಎಂದೂ ಕೇಳಿ. ಬರೀ ನೀರು ಚೆಲ್ಲಿ ತುಂಬಿದರೆ ಒಳಗಿನ ಲೋಳೆ ಹೋಗಲ್ಲ.

5. ದಾರಿಯಲ್ಲಿ. ಕಾರು ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಹಗುರ ಊಟ ಸಾಕು. ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ತಿಂಡಿ ಕೊಟ್ಟರೆ ಸೀಟು ತೊಳೆಯುವ ಕೆಲಸ ನಿಮ್ಮದೇ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರಿಡಿ. ಮಡಚುವ ಸಿಲಿಕೋನ್ ಬಟ್ಟಲು ಇದಕ್ಕೆ ಮಾತ್ರ ಒಳ್ಳೆಯದು, ಓಡುವ ಗಾಡಿಯಲ್ಲಿ ಅದು ಕುಸಿದು ಕೂರುತ್ತದೆ.

ವಿಮಾನದಲ್ಲಿ ಸರಕಾಗಿ ಹೋಗುವ ನಾಯಿಯ ಪೆಟ್ಟಿಗೆಗೆ ಐಎಟಿಎ (ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ) ನಿಯಮ ಇದೆ. ಊಟ, ನೀರಿನ ಬಟ್ಟಲುಗಳು ಒಳಗೇ ಕೂತಿರಬೇಕು, ಬಾಗಿಲು ತೆಗೆಯದೆ ಹೊರಗಿನಿಂದ ತುಂಬಲು ಬರಬೇಕು. ಹಿಂದಿನ ರಾತ್ರಿ ಆ ಬಟ್ಟಲಿನಲ್ಲಿ ನೀರು ಫ್ರೀಜರ್‌ಗಿಟ್ಟು ಹೆಪ್ಪುಗಟ್ಟಿಸಿ. ಪೆಟ್ಟಿಗೆ ಎತ್ತಿಳಿಸುವಾಗ ಚೆಲ್ಲುವುದಿಲ್ಲ, ಆಮೇಲೆ ನಿಧಾನ ಕರಗುತ್ತದೆ. ರೈಲಿನ ಬ್ರೇಕ್ ವ್ಯಾನಿನ (ಗಾರ್ಡ್ ಇರುವ ಬೋಗಿ) ನಾಯಿ ಪೆಟ್ಟಿಗೆಯಲ್ಲಿ ಕಳಿಸುವವರು ಗಮನಿಸಿ: ಊಟ, ನೀರು ನಾಯಿಯ ಮಾಲೀಕರದೇ ಜವಾಬ್ದಾರಿ. ಎಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಮೊದಲೇ ನೋಡಿಟ್ಟುಕೊಂಡು, ಬಾಟಲಿ ಕೈಯಲ್ಲಿ ಹಿಡಿದೇ ಇಳಿಯಿರಿ.