ಕೆಂಪು ಬಲ್ಬಿನ ಕೆಳಗೆ ಇ. ಕೋಲೈ

ಪುಣೆಯ ಪಾಷಾಣ್ ಬಡಾವಣೆಯ ಹತ್ತಿರದ ಒಂದು ಲ್ಯಾಬಿನಲ್ಲಿ ಮೂರು ವಾರ ನಾನು ಒಂದೇ ಪ್ರಯೋಗದ ಬೆನ್ನು ಹತ್ತಿದ್ದೆ. ಇ. ಕೋಲೈ ಬ್ಯಾಕ್ಟೀರಿಯಾಗಳ ಮೇಲೆ ಯುವಿ (ನೇರಳಾತೀತ) ಬೆಳಕು ಹಾಯಿಸಿ, ಡಿಎನ್‌ಎ ಕೆಟ್ಟಾಗ ಅವು ಏನು ಮಾಡುತ್ತವೆ ಎಂದು ನೋಡುವುದು. ಇಂಥ ಹೊತ್ತಿನಲ್ಲಿ ಅವು ಎರಡಾಗಿ ಒಡೆಯದೆ ಉದ್ದುದ್ದ ಬೆಳೆಯಬೇಕು. ನನ್ನವು ಮಾತ್ರ ಎಂದಿನಂತೆ ಎರಡು ಮೈಕ್ರೊಮೀಟರಿನ ಕಡ್ಡಿಗಳಾಗಿಯೇ ಉಳಿದವು.

ಮೊದಲನೇ ವಾರದ ತಪ್ಪು ಬೇಗ ಸಿಕ್ಕಿತು. ನಾನು ಕೋಶಗಳನ್ನು ಬೆಳೆಸಿದ ಎಲ್‌ಬಿ ಎಂಬ ಪೋಷಕ ದ್ರವದಲ್ಲೇ ಯುವಿ ಕೊಡುತ್ತಿದ್ದೆ. ಆ ಹಳದಿ ದ್ರವವೇ ಯುವಿಯನ್ನು ಹೀರಿಬಿಡುತ್ತದೆ. ಆಮೇಲೆ ಕೋಶಗಳನ್ನು ತೊಳೆದು, ಉಪ್ಪುನೀರಿನಲ್ಲಿ ಕಲಸಿ, ಪೆಟ್ರಿ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮುಚ್ಚಳ ತೆಗೆದು 254 ನ್ಯಾನೊಮೀಟರಿನ ದೀಪದ ಕೆಳಗೆ ಅಲ್ಲಾಡಿಸುತ್ತ ಇಟ್ಟೆ. ಆದರೂ ಫಲಿತಾಂಶ ಒಂದು ದಿನ ಒಂದು ಥರ.

ಎರಡನೇ ತಪ್ಪನ್ನು ಹಿಡಿದವನು ನಮ್ಮ ಲ್ಯಾಬಿಗೆ ಹೊಸದಾಗಿ ಬಂದಿದ್ದ ವಿಜಯಪುರದ ಹುಡುಗ. “ಅಕ್ಕಾರ, ಟ್ಯೂಬ್‌ಲೈಟ್ ಹಂಗ ಬಿಟ್ಟೀರಲ್ರಿ, ಆರಸ್ಲೇನು?” ಅಂದ. ಯುವಿ ಬಿದ್ದಾಗ ಡಿಎನ್‌ಎಯ ಅಕ್ಷರಗಳಲ್ಲೊಂದಾದ ಥೈಮಿನ್ ಅಕ್ಕಪಕ್ಕದಲ್ಲಿ ಎರಡಿದ್ದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇ. ಕೋಲೈಯ ಫೋಟೊಲಯೇಸ್ ಎಂಬ ಕಿಣ್ವ ನೀಲಿ ಬೆಳಕಿನ ಬಲದಿಂದಲೇ ಆ ಅಂಟು ಬಿಡಿಸುತ್ತದೆ. ಕಿಟಕಿಯ ಮಧ್ಯಾಹ್ನದ ಬೆಳಕು, ಮೇಲಿನ ಟ್ಯೂಬ್‌ಲೈಟು ಸೇರಿ ನಾನು ಮಾಡಿದ ಗಾಯವನ್ನು ಅಲ್ಲಲ್ಲೇ ವಾಸಿ ಮಾಡುತ್ತಿದ್ದವು. ಅಂದೇ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಕೆಂಪು ಬಲ್ಬು ಹಾಕಿದೆವು.

ಅದಾದ ಮೇಲೆ ಎಲ್ಲ ಸರಿಹೋಯಿತು. ಡಿಎನ್‌ಎ ಕೆಟ್ಟಾಗ ಕೋಶ ರಿಪೇರಿಗೆ ಎದ್ದು ನಿಲ್ಲುವ ಈ ವ್ಯವಸ್ಥೆಗೆ ಎಸ್‌ಒಎಸ್ ಎಂದು ಹೆಸರಿಟ್ಟವರು ಜೀವವಿಜ್ಞಾನಿ ಮಿರೋಸ್ಲಾವ್ ರಾಡ್ಮನ್. ಲೆಕ್ಸ್‌ಎ ಎಂಬ ಪ್ರೋಟೀನು ಸುಮಾರು 40 ಜೀನ್‌ಗಳ ಬಾಗಿಲಲ್ಲಿ ಕೂತು ಅವನ್ನು ಮುಚ್ಚಿಟ್ಟಿರುತ್ತದೆ. ನಕಲು ಮಾಡುವ ಯಂತ್ರ ಕೆಟ್ಟ ಜಾಗದಲ್ಲಿ ತಡವರಿಸಿದಾಗ ಡಿಎನ್‌ಎಯ ಒಂಟಿ ಎಳೆ ಬಯಲಾಗುತ್ತದೆ. ರೆಕ್‌ಎ ಎಂಬ ಇನ್ನೊಂದು ಪ್ರೋಟೀನು ಅದಕ್ಕೆ ಸುತ್ತಿಕೊಳ್ಳುತ್ತದೆ. ಆ ಸುರುಳಿಗೆ ತಾಗಿದ ಲೆಕ್ಸ್‌ಎ, 84 ಮತ್ತು 85ನೇ ಅಮೈನೊ ಆಮ್ಲಗಳ ನಡುವೆ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ರೆಕ್‌ಎ ಇಲ್ಲದಿದ್ದರೂ ಕ್ಷಾರದ ದ್ರಾವಣದಲ್ಲಿ ಅದು ಹೀಗೆ ತುಂಡಾಗುತ್ತದೆ ಎಂದು 1984ರಲ್ಲಿ ವಿಜ್ಞಾನಿ ಜಾನ್ ಲಿಟಲ್ ತೋರಿಸಿದರು. ಅಂದರೆ ಕತ್ತರಿ ಇರುವುದು ಲೆಕ್ಸ್‌ಎಯ ಒಳಗೇ.

ನನ್ನನ್ನು ಹೆಚ್ಚು ಕಾಡಿದ್ದು ಇದು ನಿಲ್ಲುವ ಬಗೆ. ಲೆಕ್ಸ್‌ಎ ಮುಚ್ಚಿಡುವ ಜೀನ್‌ಗಳಲ್ಲಿ ಲೆಕ್ಸ್‌ಎಯ ಜೀನೂ ಒಂದು! ಹಾಗಾಗಿ ಅಪಾಯದ ನಡುವೆಯೂ ಕೋಶ ಹೊಸ ಲೆಕ್ಸ್‌ಎಯನ್ನು ಧಾರಾಳವಾಗಿ ತಯಾರಿಸುತ್ತಲೇ ಇರುತ್ತದೆ, ಅದು ತುಂಡಾಗುತ್ತಲೂ ಇರುತ್ತದೆ. ಡಿಎನ್‌ಎ ರಿಪೇರಿಯಾಗಿ ಒಂಟಿ ಎಳೆಗಳು ಕಡಿಮೆಯಾದ ಕೂಡಲೇ ತುಂಡಾಗುವುದು ನಿಂತು, ಬಾಗಿಲುಗಳೆಲ್ಲ ಮತ್ತೆ ಮುಚ್ಚುತ್ತವೆ.

ಬಾಗಿಲು ತೆರೆಯುವುದನ್ನು ಅಳೆಯಲು ಬೇರೊಂದು ತಳಿ ಬಳಸಿದೆ. ಅದರಲ್ಲಿ, ಲೆಕ್ಸ್‌ಎ ಮುಚ್ಚಿಡುವ ಸುಲ್‌ಎ ಜೀನಿನ ಸ್ವಿಚ್ಚಿಗೆ ಬೀಟಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವದ ಜೀನನ್ನು ಜೋಡಿಸಿರುತ್ತದೆ. ಸ್ವಿಚ್ಚು ತೆರೆದರೆ ಈ ಕಿಣ್ವ ತಯಾರಾಗಿ, ಪರೀಕ್ಷೆಗೆ ಹಾಕಿದ ಬಣ್ಣವಿಲ್ಲದ ವಸ್ತುವನ್ನು ಒಡೆದು, ಟ್ಯೂಬು ಹಳದಿಯಾಗುತ್ತದೆ. ಇಲ್ಲೊಂದು ಎಚ್ಚರ: ಈ ಕಿಣ್ವ ಬೇಗ ನಾಶವಾಗುವುದಿಲ್ಲ. ಜೀನು ಮುಚ್ಚಿದ ಮೇಲೂ ಹಳದಿ ಹಾಗೇ ಇರುತ್ತದೆ. ಮೊದಮೊದಲು ನಾನು ‘ಇನ್ನೂ ನಿಂತಿಲ್ಲ’ ಎಂದೇ ಬರೆದುಕೊಂಡೆ. ನೋಡಬೇಕಾದದ್ದು ಬಣ್ಣ ಎಷ್ಟಿದೆ ಎಂದಲ್ಲ, ಎಷ್ಟು ಬೇಗ ಏರುತ್ತಿದೆ ಎಂದು. ಜೊತೆಗೆ, ಲೆಕ್ಸ್‌ಎ ತುಂಡಾಗದ ತಳಿಯನ್ನೂ ಪ್ರತಿ ಸಲ ಇಡಲೇಬೇಕು. ಅದರಲ್ಲಿ ಏರಿಕೆ ಕಂಡರೆ ಆ ದಿನದ ಲೆಕ್ಕವನ್ನೆಲ್ಲ ಬದಿಗಿಡುವುದು ಒಳ್ಳೆಯದು.

ಸಾಮಾನ್ಯ ತಳಿಯನ್ನು ಒಂದೂವರೆ ಗಂಟೆಯ ನಂತರ ಸ್ಲೈಡಿಗೆ ಹಾಕಿದೆ. ಶಾವಿಗೆ ಎಳೆಗಳಂಥ ಉದ್ದನೆಯ ಕೋಶಗಳು. ಸುಲ್‌ಎ ಪ್ರೋಟೀನು, ಕೋಶ ಎರಡಾಗಿ ಒಡೆಯಲು ಬೇಕಾದ ಉಂಗುರವನ್ನು ಕಟ್ಟಲು ಬಿಟ್ಟಿರಲಿಲ್ಲ. ರಿಪೇರಿ ಮುಗಿದ ಮೇಲೆ ಲಾನ್ ಎಂಬ ಕಿಣ್ವ ಸುಲ್‌ಎಯನ್ನು ಕರಗಿಸುತ್ತದೆ. ಅದಕ್ಕಾಗಿ ಕಾದೆವು. ರಾತ್ರಿ ಎಂಟರ ಸುಮಾರಿಗೆ ಒಂದು ಉದ್ದನೆಯ ಕೋಶದ ಮೈಯಲ್ಲಿ ಸಣ್ಣ ಕುತ್ತಿಗೆ ಮೂಡಿತು, ಅದರಾಚೆ ಇನ್ನೊಂದು. ಹುಡುಗ ಕಣ್ಣು ತೆಗೆಯದೆ ಹೇಳಿದ, “ಒಡೀಲಿಕತ್ತಾವ್ರಿ ಅಕ್ಕಾರ.”