ಅಕ್ರೋಟ್ ಹಲಗೆ ತರಿಸುವವರಿಗೆ ಒಂದು ಸಲಹೆ

ರಾಯಚೂರಿನಲ್ಲಿ ಸಾಗುವಾನಿ, ಬೇವುಗಳಲ್ಲೇ ಕೈ ಪಳಗಿಸಿಕೊಂಡ ನಮಗೆ ಅಕ್ರೋಟ್ ಹೊಸ ಮರ. ಉಳಿ ಇಟ್ಟಾಗ ಸುಲಭಕ್ಕೆ ಸೀಳದೆ, ಕೆತ್ತಿದ ಚಿನಾರ್ (ಕಾಶ್ಮೀರದ ಒಂದು ಮರ) ಎಲೆಯ ಸಣ್ಣ ಅಂಚನ್ನೂ ಉದುರಿಸದೆ ಹಿಡಿದು ನಿಲ್ಲುವ ಗುಣವಿರುವುದರಿಂದಲೇ ಕಾಶ್ಮೀರದ ಕೆತ್ತನೆಗಾರರು ಇದನ್ನು ನೆಚ್ಚಿಕೊಂಡಿದ್ದಾರೆ. ಇದರದೇ ಇನ್ನೊಂದು ಬಗೆಯಾದ ಅಮೆರಿಕದ ಕಪ್ಪು ಅಕ್ರೋಟ್ ಒಣಗಿದ ಮೇಲೆ ಘನ ಮೀಟರಿಗೆ ಸುಮಾರು 610 ಕಿಲೋ ತೂಗುತ್ತದೆ. ಸಾಗುವಾನಿಗಿಂತ ತುಸು ಹಗುರವೆನ್ನಬಹುದು.

ಹಲಗೆ ಬಂದ ದಿನವೇ ಗರಗಸ ಹಾಕಬೇಡಿ. ನಮ್ಮ ಏಪ್ರಿಲ್ ತಿಂಗಳ ಒಣಗಾಳಿಗೆ ಮರ ಕುಗ್ಗುತ್ತದೆ. ನಾನು ಅವಸರದಲ್ಲಿ ಅಂಟು ಹಾಕಿ ಕೂಡಿಸಿದ ಆಭರಣದ ಪೆಟ್ಟಿಗೆಯ ಮುಚ್ಚಳ ಎರಡೇ ವಾರದಲ್ಲಿ ಉಗುರು ತೂರುವಷ್ಟು ಬಾಯಿಬಿಟ್ಟಿತು. ಹಲಗೆಗಳ ನಡುವೆ ತೆಳು ಪಟ್ಟಿಗಳನ್ನಿಟ್ಟು, ನೆರಳಿನಲ್ಲಿ ಎರಡು ಮೂರು ವಾರ ಒಟ್ಟಿಡುವುದು ಮೇಲು.

ಈ ಮರದಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇರುವುದರಿಂದ ಕಬ್ಬಿಣದ ಮೊಳೆಗೆ ತೇವ ತಗುಲಿದರೆ ಸುತ್ತಲೂ ನೀಲಿಗಪ್ಪು ಕಲೆ ಹರಡುತ್ತದೆ. ಹಿತ್ತಾಳೆಯ ಸ್ಕ್ರೂ ಬಳಸಿ. ಬಹಳಷ್ಟು ಮರಗಳು ಬಿಸಿಲಿಗೆ ಗಾಢವಾದರೆ ಕಪ್ಪು ಅಕ್ರೋಟ್ ತಿಳಿಯಾಗುತ್ತದೆ, ಆದ್ದರಿಂದ ಕಿಟಕಿಯ ಪಕ್ಕ ಇಡಬೇಡಿ. ಧೂಳು ಕೆಲವರಿಗೆ ಕಣ್ಣು, ಚರ್ಮ ಕೆರಳಿಸುತ್ತದೆ, ಮಾಸ್ಕ್ ಇರಲಿ. ಗೆದ್ದಲಿನ ಕಾಟವಿರುವ ನಮ್ಮ ಮನೆಗಳ ಹೊರಬಾಗಿಲಿಗೆ ಮಾತ್ರ ನಾನು ಸಾಗುವಾನಿಯನ್ನೇ ಹೇಳುತ್ತೇನೆ.